ಶೈಲೇಶಣ್ಣನ ಟಿಪ್ಸ್

ಕೊಡಿಯಾಲ್‌ಬೈಲಿನ ಲ್ಯಾಬೊಂದರಲ್ಲಿ ಶರ್ಮಿಳಾ ಹದಿಮೂರು ವರ್ಷಗಳಿಂದ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆಯುವ ಮೊದಲೇ ಬರಿಹೊಟ್ಟೆಯಲ್ಲಿ ಬಂದು ನಿಂತವರ ಸಾಲು ಇರುತ್ತಿತ್ತು. ನರ ಸಿಗದ ಮುದುಕರು, ಸೂಜಿ ಕಂಡರೆ ಮುಷ್ಟಿ ಬಿಗಿಯುವವರು, ಮಕ್ಕಳನ್ನು ಹೊತ್ತು ತಂದ ತಾಯಂದಿರು ಎಲ್ಲರೂ ಅವಳ ಕುರ್ಚಿಯೇ ಬೇಕೆಂದು ಕಾಯುತ್ತಿದ್ದರು. ಅವಳದು ಒಂದೇ ಚುಚ್ಚು. ಎರಡನೆಯ ಸಲ ಹುಡುಕಿದ್ದು ಯಾರಿಗೂ ನೆನಪಿಲ್ಲ.

ಅಪ್ಪ ಗಿರಿಯಪ್ಪ ಮೀನಿನ ಬೋಟು ನಡೆಸುವ ತಾಂಡೇಲನಾಗಿದ್ದವರು. ಅವರು ಕಾಯಿಲೆ ಬಿದ್ದ ನಾಲ್ಕು ವರ್ಷ ಆಸ್ಪತ್ರೆಗೆ ಓಡಾಡಿದವಳು ಶರ್ಮಿಳಾ. ಆ ನಾಲ್ಕು ವರ್ಷಗಳಲ್ಲಿ ಬಂದ ಸಂಬಂಧಗಳೆಲ್ಲ ಬಂದ ದಾರಿಯಲ್ಲೇ ಹೋದವು. ಅಪ್ಪ ತೀರಿಕೊಂಡ ಮೇಲೆ ಕಡಲ ತಡಿಯ ಬೆಂಗ್ರೆ ಬಿಟ್ಟು ದೇರೆಬೈಲಿನ ಎರಡು ಕೋಣೆಯ ಬಾಡಿಗೆ ಮನೆಗೆ ಬಂದರು: ಅವಳು, ಮೂವತ್ತು ವರ್ಷ ಮಾರ್ಕೆಟಿನಲ್ಲಿ ಮೀನು ಮಾರಿ ಮಂಡಿ ಸವೆಸಿಕೊಂಡ ಅಮ್ಮ ದಮಯಂತಿ, ಮತ್ತು ಅವಳಿಗಿಂತ ಏಳು ವರ್ಷ ಚಿಕ್ಕವನಾದ ತಮ್ಮ ಶೈಲೇಶ್.

ಶೈಲೇಶ್ ಕೆಟ್ಟವನಲ್ಲ. ನೋಡಲು ಲಕ್ಷಣವಾಗಿದ್ದ, ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಯಾವ ಕೆಲಸದಲ್ಲೂ ಎಂಟು ತಿಂಗಳಿಗಿಂತ ಹೆಚ್ಚು ನಿಂತವನಲ್ಲ. ಮೊಬೈಲ್ ಅಂಗಡಿ ಆಯಿತು, ಕಾರಿನ ಶೋರೂಮ್ ಆಯಿತು, ಕೊರಿಯರ್ ಆಫೀಸಾಯಿತು. ಪ್ರತಿ ಸಲ ಬಿಟ್ಟು ಬಂದಾಗಲೂ ತಪ್ಪು ಮ್ಯಾನೇಜರನದೇ ಇರುತ್ತಿತ್ತು. ಗೆಳೆಯನೊಬ್ಬನಿಂದ ಹಳೆಯ ಗೇಮ್ ಕನ್ಸೋಲೊಂದನ್ನು ತಂದು ಹಾಲಿನ ಟಿವಿಗೆ ಸಿಕ್ಕಿಸಿದವನೂ ಅವನೇ. ಅದರಲ್ಲಿ ‘ಬ್ಲ್ಯಾಕ್‌ಫೆನ್’ ಎಂಬ ಆಟವಿತ್ತು. ನೀರಿನಲ್ಲಿ ಮುಳುಗಿದ ಒಂದು ರಾಜ್ಯ, ಅದರ ಕೋಟೆಗಳು, ಕೋಟೆಗಳನ್ನು ಕಾಯುವ ರಾಕ್ಷಸರು. ಕೈಯಲ್ಲೊಂದು ಮೊಂಡು ಕತ್ತಿ ಕೊಟ್ಟು ಆಟಗಾರನನ್ನು ಅದರೊಳಗೆ ಬಿಟ್ಟುಬಿಡುತ್ತಾರೆ. ಯಾರೂ ಏನೂ ಹೇಳಿಕೊಡುವುದಿಲ್ಲ. ಮೊದಲ ಹೆಬ್ಬಾಗಿಲಲ್ಲೇ ಕಬ್ಬಿಣದ ಕವಚ ತೊಟ್ಟ ಭಟನೊಬ್ಬ ನಿಂತಿರುತ್ತಾನೆ. ಶೈಲೇಶ್ ಅವನ ಕೈಯಲ್ಲಿ ನಲವತ್ತು ಸಲ ಸತ್ತು, ಕಂಟ್ರೋಲರನ್ನು ಸೋಫಾದ ಮೇಲೆ ಎಸೆದ.

“ಇದು ಮನುಷ್ಯರು ಆಡುವ ಆಟ ಅಲ್ಲ ಮಾರಾಯ್ತಿ,” ಎಂದು ಅಕ್ಕನಿಗೆ ಹೇಳಿ ಎದ್ದು ಹೋದ.

ಆ ವರ್ಷದ ಜುಲೈಯಲ್ಲಿ ಶರ್ಮಿಳಾಗೆ ಡೆಂಗ್ಯೂ ಬಂತು. ಜ್ವರ ಬಿಟ್ಟರೂ ಮೈಕೈ ನೋವು ಬಿಡಲಿಲ್ಲ. ಡಾಕ್ಟರು ಮೂರು ವಾರ ಕೆಲಸಕ್ಕೆ ಹೋಗಕೂಡದು ಎಂದರು. ಹದಿಮೂರು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಮಾಡಲು ಏನೂ ಇರಲಿಲ್ಲ. ಹಾಲಿನಲ್ಲಿ ದಿಂಬಿಗೆ ಒರಗಿ, ಹೊತ್ತು ಹೋಗದೆ, ಆ ಕಂಟ್ರೋಲರನ್ನು ಎತ್ತಿಕೊಂಡಳು.

ಎರಡು ದಿನದಲ್ಲಿ ಅರವತ್ತು ಸಲ ಸತ್ತಳು. ಅಡುಗೆಮನೆಯಿಂದ ಅಮ್ಮ ಇಣುಕಿ, “ಎಂತ ಅದು? ಬರೀ ಸಾಯುದೇ ಉಂಟಲ್ಲ! ಗಂಜಿ ಕುಡಿ ಮೊದಲು,” ಎಂದರು. ಆದರೆ ಶರ್ಮಿಳಾಗೆ ಸಿಟ್ಟು ಬರಲಿಲ್ಲ. ಲ್ಯಾಬಿನಲ್ಲಿ ಹೆದರಿದ ರೋಗಿಯ ತೋಳನ್ನೇ ನೋಡುತ್ತ ಕೂತರೆ ಸೂಜಿ ತಪ್ಪುತ್ತದೆ. ತೋಳು ಎಳೆದುಕೊಳ್ಳುವ ಮೊದಲು ಅದು ಮುಖದಲ್ಲಿ ಕಾಣಿಸುತ್ತದೆ. ಅವಳು ಭಟನ ಕತ್ತಿ ನೋಡುವುದನ್ನು ಬಿಟ್ಟು ಅವನ ಮೈ ನೋಡತೊಡಗಿದಳು. ಬೀಸುವ ಮೊದಲು ಅವನ ಎಡ ಮಂಡಿ ತುಸು ಬಗ್ಗುತ್ತಿತ್ತು. ಅದು ಗೊತ್ತಾದ ಮಧ್ಯಾಹ್ನವೇ ಭಟ ಬಿದ್ದ. ಶರ್ಮಿಳಾ ಒಬ್ಬಳೇ ಕೂತು ಜೋರಾಗಿ ನಕ್ಕಳು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಕೆಲಸಕ್ಕೆ ಮರಳಿದ ಮೇಲೂ ಆಟ ಬಿಡಲಿಲ್ಲ. ಮೂರು ಗಂಟೆಗೆ ಮನೆಗೆ ಬಂದು, ಊಟ ಮಾಡಿ, ಸಂಜೆಯವರೆಗೆ ಆಡುತ್ತಿದ್ದಳು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಎಲ್ಲ ಕೋಟೆಗಳನ್ನೂ ದಾಟಿದಳು. ಕನ್ನಡದವರ ಆನ್‌ಲೈನ್ ಗೇಮಿಂಗ್ ಗುಂಪೊಂದರಲ್ಲಿ ಹೊಸಬರು ಗೋಳಾಡುವುದನ್ನು ನೋಡಿ, ತಾನು ಕಂಡುಕೊಂಡದ್ದನ್ನು ಬರೆಯತೊಡಗಿದಳು. ಕನ್ಸೋಲಿನಲ್ಲಿದ್ದದ್ದು ತಮ್ಮನ ಅಕೌಂಟ್. ಆಟದ ತುಣುಕುಗಳು ಅವನ ಪೇಜಿಗೇ ಹೋಗುತ್ತಿದ್ದವು. ಬರಹವನ್ನೂ ಅಲ್ಲೇ ಹಾಕಿದಳು. ಮೇಲೆ ‘ಶೈಲೇಶ್ ಬೆಂಗ್ರೆ’ ಎಂದು ಹೆಸರು.

“ಸಾಯಲು ನಾಚಬೇಡಿ,” ಎಂದು ಮೊದಲ ಭಾನುವಾರ ಬರೆದಳು. “ಆದರೆ ಸತ್ತಾಗಲೆಲ್ಲ ಕೇಳಿಕೊಳ್ಳಿ, ಯಾವ ಏಟಿಗೆ ಸತ್ತೆ? ಗೊತ್ತಿಲ್ಲ ಅಂತಾದರೆ ಇನ್ನೊಮ್ಮೆ ಹೋಗಿ, ಹೊಡೆಯಲಿಕ್ಕಲ್ಲ, ಸುಮ್ಮನೆ ನೋಡಲಿಕ್ಕೆ. ಎರಡು ಏಟು ಹೊಡೆದು ಹಿಂದೆ ಬನ್ನಿ. ಮೂರನೆಯದು ದುರಾಸೆ. ಹೊಸಬರಲ್ಲಿ ಅರ್ಧ ಜನ ಮೂರನೆಯ ಏಟಿಗೇ ಸಾಯುತ್ತಾರೆ.”

ಮುಂದಿನ ವಾರ ಬರೆದಳು: “ಹೆದರಿ ಹಿಂದಕ್ಕೆ ಉರುಳಬೇಡಿ. ಭಟನ ಕತ್ತಿ ನಿಮಗಿಂತ ಉದ್ದ ಉಂಟು, ಹಿಂದೆ ಹೋದಷ್ಟೂ ತಾಗುತ್ತದೆ. ಅವನ ಕಡೆಗೇ, ಅವನ ಎಡಗಡೆಗೆ ಉರುಳಿ. ಮೊದಲ ಹತ್ತು ಲೆವೆಲ್‌ನಲ್ಲಿ ಸಿಗುವ ಅಂಕಗಳನ್ನು ಪೂರ್ತಿ ಜೀವ ಹೆಚ್ಚಿಸಲಿಕ್ಕೆ ಹಾಕಿ. ಬಲ ಆಮೇಲೆ ಬರುತ್ತದೆ. ಚಂದ ಕಾಣುತ್ತದೆಂದು ಭಾರದ ಕವಚ ತೊಡಬೇಡಿ, ಉರುಳುವಾಗ ಮೈ ಏಳುವುದಿಲ್ಲ. ರಾಕ್ಷಸರನ್ನು ಕೊಂದು ಗಳಿಸಿದ ಕಿಡಿಗಳು ಸತ್ತಲ್ಲಿ ಬಿದ್ದುಹೋದರೆ ಅವನ್ನು ಹೆಕ್ಕಲು ಕಣ್ಣು ಮುಚ್ಚಿ ಓಡಬೇಡಿ. ಹೋದದ್ದು ಹೋಗಲಿ, ಮತ್ತೆ ಸಂಪಾದಿಸಬಹುದು.”

ಓದುವವರು ಏರಿದರು. ನಾಲ್ಕು ತಿಂಗಳಿಗೆ ಹನ್ನೊಂದು ಸಾವಿರ. ‘ಶೈಲೇಶಣ್ಣನ ಟಿಪ್ಸ್’ ಎಂದು ಅವರೇ ಹೆಸರಿಟ್ಟರು. ‘ಅಣ್ಣ, ನಿಮ್ಮಿಂದ ಭಟ ಸತ್ತ!’ ಎಂದು ಬರೆದರೆ ಶರ್ಮಿಳಾ ಲ್ಯಾಬಿನ ಚಹಾ ಹೊತ್ತಿನಲ್ಲಿ ಓದಿ ಒಳಗೊಳಗೇ ನಗುತ್ತಿದ್ದಳು. ತಾನು ಯಾರೆಂದು ಹೇಳಬೇಕೆಂದು ಆಗಾಗ ಅನಿಸುತ್ತಿತ್ತು. ಆದರೆ ಅದೇ ಗುಂಪಿನಲ್ಲಿ ಹೆಂಗಸೊಬ್ಬಳು ಒಂದು ಸಲಹೆ ಬರೆದಾಗ ಬಂದ ಗೇಲಿಯ ಉತ್ತರಗಳನ್ನು ಅವಳು ಓದಿದ್ದಳು. ಅಣ್ಣ ಎಂಬ ಅಂಗಿಯೊಳಗೆ ಸದ್ಯಕ್ಕೆ ಹಾಯಾಗಿತ್ತು.

ಫೆಬ್ರವರಿಯಲ್ಲಿ ಶೋಭಿತ್ ಎಂಬವನ ಮೆಸೇಜ್ ಬಂತು. ಹಂಪನಕಟ್ಟೆಯಲ್ಲಿ ಅವನ ತಂದೆ ಚಿತ್ತರಂಜನರ ಲಾಡ್ಜ್ ಇತ್ತು. ಅದರ ಮೊದಲ ಮಹಡಿಯನ್ನು ಗೇಮಿಂಗ್ ಲೌಂಜ್ ಮಾಡಿದ್ದ. ಉದ್ಘಾಟನೆಯ ದಿನ ಶೈಲೇಶಣ್ಣ ಬಂದು ಹೊಸಬರ ಜೊತೆ ಮಾತಾಡಬೇಕು, ಎಲ್ಲರೆದುರು ಭಟನನ್ನು ಹೊಡೆದು ತೋರಿಸಬೇಕು ಎಂದು ಬೇಡಿಕೆ.

ಶರ್ಮಿಳಾ ಎರಡು ದಿನ ಯೋಚಿಸಿದಳು. ಆಮೇಲೆ ತಮ್ಮನಿಗೆ ತೋರಿಸಿದಳು.

“ಹೋಗುವಾ,” ಎಂದ ಶೈಲೇಶ್. “ನಾನೂ ಬರ್ತೇನೆ. ಪೇಜು ನನ್ನದು, ಬರೆಯುದು ಅಕ್ಕ ಅಂತ ನಾನೇ ಹೇಳ್ತೇನೆ. ನೀನೆಂತ ಹೆದರುದು?”

ಭಾನುವಾರ ಹನ್ನೊಂದಕ್ಕೆ ಕಾರ್ಯಕ್ರಮ. ಅವಳು ಹೊಸ ಚೂಡಿದಾರ ಹಾಕಿದಳು. ಬಸ್ಸಿನಲ್ಲಿ ಎರಡು ವಾಕ್ಯಗಳನ್ನು ಮನಸ್ಸಿನಲ್ಲೇ ಹೇಳಿ ಹೇಳಿ ಸಿದ್ಧ ಮಾಡಿಕೊಂಡಳು: ‘ಶೈಲೇಶ್ ನನ್ನ ತಮ್ಮ. ಬರೆಯುವುದು ನಾನು.’

ಮೆಟ್ಟಿಲ ಮೇಲೇ ಶೋಭಿತ್ ಕಾಯುತ್ತಿದ್ದ. ಇವರನ್ನು ಕಂಡದ್ದೇ ಓಡಿ ಬಂದು ಶೈಲೇಶನನ್ನು ತಬ್ಬಿಕೊಂಡ. “ಶೈಲೇಶಣ್ಣ! ನಾನು ಅಂದ್ಕೊಂಡ ಹಾಗೇ ಇದ್ದೀರಿ ಬ್ರೋ!” ಹಿಂದಿನಿಂದ ಐವತ್ತು ಅರವತ್ತು ಜನ ಚಪ್ಪಾಳೆ ತಟ್ಟಿದರು. ಕೆಲವರು ಫೋನ್ ಹಿಡಿದಿದ್ದರು. ಶೈಲೇಶ್ ಒಮ್ಮೆ ಅಕ್ಕನ ಕಡೆ ನೋಡಿದ. ಅವನ ಮುಖದಲ್ಲಿ ಗಾಬರಿಯಿತ್ತು, ಅದರ ಕೆಳಗೇ ಇನ್ನೇನೋ ಇತ್ತು. ಅಂಥ ಚಪ್ಪಾಳೆ ಅವನಿಗೆ ಹುಟ್ಟಿದ ಮೇಲೆ ಬಿದ್ದಿರಲಿಲ್ಲ.

“ಇವರು ನನ್ನ ಅಕ್ಕ,” ಎಂದ. ಅಷ್ಟಕ್ಕೇ ನಿಲ್ಲಿಸಿದ.

ಶರ್ಮಿಳಾ ಬಾಯಿ ತೆರೆಯುವ ಮೊದಲೇ ಯಾರೋ ಅವಳಿಗೆ ಮೂಲೆಯ ಕುರ್ಚಿ ತೋರಿಸಿ ತಣ್ಣನೆಯ ಜ್ಯೂಸ್ ಕೊಟ್ಟರು. ಈಗ ಹೇಳುತ್ತಾನೆ, ಮೈಕು ಸಿಕ್ಕಾಗ ಹೇಳುತ್ತಾನೆ ಎಂದು ಕಾದಳು. ಶೈಲೇಶ್ ಮೈಕು ಹಿಡಿದು ಹತ್ತು ನಿಮಿಷ ಮಾತಾಡಿದ. ಅವಳು ಬರೆದದ್ದನ್ನೇ, ಅವಳ ಮಾತುಗಳಲ್ಲೇ ಹೇಳಿದ. ಜನ ನಕ್ಕರು, ಸಿಳ್ಳೆ ಹೊಡೆದರು. ಮುಂದಿನ ಸಾಲಿನಲ್ಲಿ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು, ಹನಾನ್ ಅಂತೆ ಹೆಸರು, ಕೈಯೆತ್ತಿ ಕೇಳಿದಳು: “ಅಣ್ಣ, ಎಡಕ್ಕೆ ಉರುಳುದು ಅವನು ಕತ್ತಿ ಎತ್ತುವಾಗಲಾ, ಇಳಿಸುವಾಗಲಾ?”

ಶೈಲೇಶ್ ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಆಮೇಲೆ ನಕ್ಕು, “ಅದು ಹೇಳಿ ಬರುದಲ್ಲ, ಫೀಲ್ ಆಗ್ಬೇಕು,” ಎಂದ. ಅದಕ್ಕೂ ಚಪ್ಪಾಳೆ.

“ಹಾಗಾದ್ರೆ ತೋರಿಸಿ ಅಣ್ಣ!” ಎಂದು ಶೋಭಿತ್ ಕಂಟ್ರೋಲರ್ ಚಾಚಿದ.

ಶೈಲೇಶ್ ತನ್ನ ಬಲ ಮಣಿಕಟ್ಟನ್ನು ಹಿಡಿದುಕೊಂಡ. “ನಿನ್ನೆ ಬೈಕಿನಿಂದ ಬಿದ್ದೆ ಬ್ರೋ, ಕೈ ತಿರುಗುದಿಲ್ಲ.” ಮೂಲೆಯ ಕಡೆ ತಿರುಗಿದ. “ನನ್ನ ಅಕ್ಕ ಆಡ್ತಾಳೆ. ನಾನೇ ಕಲಿಸಿದ್ದು. ಹೊಸಬರು ಹೇಗೆ ಕಲಿಯಬಹುದು ಅಂತ ನಿಮಗೂ ಗೊತ್ತಾಗ್ತದೆ.”

ಎಲ್ಲರೂ ತಿರುಗಿ ನೋಡಿದರು. ಆಗಲೂ ಅವಳು ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲಿ ಎರಡು ವಾಕ್ಯಗಳು ಇದ್ದವು. ಆದರೆ ಅರವತ್ತು ಜನರ ಎದುರು ಒಡಹುಟ್ಟಿದವನನ್ನು ಸುಳ್ಳನೆಂದು ಕರೆಯಲು ಅವಳಿಂದಾಗಲಿಲ್ಲ. ಎದ್ದು ಹೋಗಿ ಕಂಟ್ರೋಲರ್ ತೆಗೆದುಕೊಂಡಳು. ಭಟನ ಮಂಡಿ ಬಗ್ಗಿದಾಗಲೆಲ್ಲ ಎಡಕ್ಕೆ ಉರುಳಿದಳು, ಎರಡೆರಡೇ ಏಟು ಹೊಡೆದಳು. ಹಿಂದಿನಿಂದ ಶೈಲೇಶ್, “ಹಾಂ, ಈಗ... ಸಾಕು, ಹಿಂದೆ ಬಾ... ಭೇಷ್!” ಎನ್ನುತ್ತಿದ್ದ. ಅವಳು ಮಾಡಿದ ಮೇಲೆ ಅವನು ಹೇಳುತ್ತಿದ್ದ, ಜನರಿಗೆ ಮಾತ್ರ ಅವನು ಹೇಳಿದ ಮೇಲೆ ಅವಳು ಮಾಡಿದಂತೆ ಕಾಣುತ್ತಿತ್ತು. ಒಂದೂ ಏಟು ತಿನ್ನದೆ ಭಟನನ್ನು ಕೆಡವಿದಳು. ಚಾವಣಿ ಕಿತ್ತುಹೋಗುವಂತೆ ಜನ ಕೂಗಿದರು. ಶೋಭಿತ್ ಶೈಲೇಶನ ಬೆನ್ನು ತಟ್ಟಿ, “ಅಕ್ಕನಿಗೇ ಹೀಗೆ ಕಲಿಸಿದ್ದೀರಿ ಅಂದ್ರೆ!” ಎಂದ.

ವಾಪಸು ಬಸ್ ಸ್ಟಾಪಿನಲ್ಲಿ ಅವಳು ಬಾಯಿ ಬಿಟ್ಟಳು. “ನೀನು ಹೇಳ್ತೇನೆ ಅಂದಿದ್ದಿ.”

“ಎಲ್ಲಿ ಬಿಟ್ಟರು ಅಕ್ಕ? ನೋಡಿದೆಯಲ್ಲ. ನೀನಾದ್ರೂ ಹೇಳ್ಬಹುದಿತ್ತು,” ಎಂದ. ಅದು ನಿಜವಾಗಿತ್ತು. ಅದಕ್ಕೇ ಅವಳಿಗೆ ಹೆಚ್ಚು ಉರಿಯಿತು.

ಮರುವಾರ ಶೋಭಿತ್ ಅವನಿಗೆ ಲೌಂಜಿನಲ್ಲಿ ಹೊಸಬರಿಗೆ ಕಲಿಸುವ ಕೆಲಸ ಕೊಟ್ಟ. ಅಲ್ಲಿ ಅವನು ಆಡಬೇಕಾಗಿರಲಿಲ್ಲ. ಹಿಂದೆ ನಿಂತು ಹೇಳಿದರೆ ಸಾಕಿತ್ತು, ಹೇಳುವುದರಲ್ಲಿ ಅವನು ಜಾಣ. ಒಂದು ಬೆಳಿಗ್ಗೆ ಶರ್ಮಿಳಾ ಕೆಲಸಕ್ಕೆ ಹೊರಟಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತರು.

“ನನಗೆ ಎಲ್ಲ ಗೊತ್ತುಂಟು ಶರ್ಮಿ. ಆಡುದು ನೀನೇ ಅಂತ ನಾನು ದಿನಾ ನೋಡಿದವಳು. ಆದ್ರೆ ನಿನಗೆ ಲ್ಯಾಬ್ ಉಂಟು, ನಾಲ್ಕು ಜನ ಗೌರವ ಕೊಡ್ತಾರೆ. ಅವನಿಗೆ ಎಂತ ಉಂಟು? ಮೊದಲ ಸಲ ಬೆಳಿಗ್ಗೆ ತಾನೇ ಎದ್ದು ಹೋಗ್ತಾನೆ. ಉಳ್ಳಾಲದಿಂದ ಸಂಬಂಧವೂ ಬಂದಿದೆ, ಮೋಕ್ಷಾ ಅಂತ ಹುಡುಗಿ. ಒಂದು ಆಟದ ಹೆಸರಲ್ವಾ? ಕೊಟ್ಟುಬಿಡು.”

‘ನನಗೂ ಅದು ಬಿಟ್ಟರೆ ಎಂತ ಉಂಟಮ್ಮ?’ ಎಂದು ಕೇಳಬೇಕೆನಿಸಿತು. ಅಮ್ಮನ ಊದಿದ ಮಂಡಿ ಕಂಡು ಕೇಳಲಿಲ್ಲ. “ಆಯ್ತು,” ಎಂದು ಚಪ್ಪಲಿ ಮೆಟ್ಟಿದಳು.

ಅಲ್ಲಿಂದ ಪ್ರತಿ ಶನಿವಾರ ಅವಳು ಬರೆದು ಕೊಡುವುದು, ಭಾನುವಾರ ಅವನು ಹಾಕುವುದು. ಕಷ್ಟದ ಪ್ರಶ್ನೆಗಳನ್ನು ಅವನು ಫೋನಿನಲ್ಲಿ ಕೇಳುತ್ತಿದ್ದ. ಅವಳು ಫೋನನ್ನು ಭುಜಕ್ಕೆ ಒತ್ತಿ, ರೋಗಿಯ ತೋಳಿಗೆ ಟೂರ್ನಿಕೆ ಪಟ್ಟಿ ಬಿಗಿಯುತ್ತ ಉತ್ತರ ಹೇಳುತ್ತಿದ್ದಳು. ಅದನ್ನೂ ಸಹಿಸಿಕೊಂಡಳು. ಸಹಿಸಲಾಗದ್ದು ಬೇರೆಯೇ ಆಯಿತು. ಮೇ ತಿಂಗಳ ಒಂದು ಶನಿವಾರ ಶೈಲೇಶ್ ಅವಳ ಬರಹ ಓದಿ ಮುಖ ಸಿಂಡರಿಸಿದ.

“ಅಕ್ಕ, ಬೇಜಾರು ಮಾಡ್ಬೇಡ. ನೀನು ಈಗೀಗ ಬರೆಯುದು ತುಂಬ ಮೆತ್ತಗೆ ಆಗ್ತದೆ. ಜನರಿಗೆ ನನ್ನ ಸ್ಟೈಲ್ ಅಭ್ಯಾಸ ಆಗಿದೆ. ಸ್ವಲ್ಪ ನನ್ನ ಹಾಗೆ ಬರಿ.”

ಶರ್ಮಿಳಾ ಅವನ ಮುಖವನ್ನೇ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಸುಳ್ಳು ಹೇಳುತ್ತಿರಲೂ ಇಲ್ಲ. ಮೂರು ತಿಂಗಳಲ್ಲಿ ಅವನು ಅದನ್ನು ನಂಬಿಬಿಟ್ಟಿದ್ದ.

“ಸರಿ, ನಿನ್ನ ಹಾಗೆ ಬರೀತೇನೆ,” ಎಂದಳು.

ಆ ವಾರದ ವಿಷಯ ಮುಳುಗಿದ ಗುಡಿಯ ಕಮ್ಮಾರ. ಆಟದ ನಡುಭಾಗದಲ್ಲಿ ಈ ಕಮ್ಮಾರ ಆಟಗಾರನ ಹತ್ತಿರ ಒಂದು ಕಂಚಿನ ಬೀಗದ ಕೈ ಕೇಳುತ್ತಾನೆ. ಮೂರನೆಯ ಕೋಟೆ ಮುಗಿಯುವವರೆಗೆ ಅದನ್ನು ಕೊಡಬಾರದು. ಕೊಟ್ಟರೆ ಅವನು ಬಾಗಿಲು ತೆರೆದು ಹೊರಟುಹೋಗುತ್ತಾನೆ, ಮತ್ತೆ ಬರುವುದಿಲ್ಲ. ಕತ್ತಿಯನ್ನು ಹದ ಮಾಡಿಕೊಡುವವನು ಇಡೀ ಆಟದಲ್ಲಿ ಅವನೊಬ್ಬನೇ. ಮಾಡಿದ್ದನ್ನು ಹಿಂತೆಗೆಯಲು ಆಟ ಬಿಡುವುದಿಲ್ಲ. ಮೊದಲಿನಿಂದ ಶುರುಮಾಡುವುದೊಂದೇ ದಾರಿ. ಶರ್ಮಿಳಾಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಅವಳು ಬರೆದಳು: “ಕೀ ಸಿಕ್ಕಿದ ಕೂಡಲೇ ಕಮ್ಮಾರನಿಗೆ ಕೊಡಿ, ಬ್ರೋ. ಯೋಚನೆ ಮಾಡ್ಬೇಡಿ. ದೊಡ್ಡ ಬಹುಮಾನ ಉಂಟು.”

ಶೈಲೇಶ್ ಓದಿ, “ಇದೀಗ ಬಂತು ನೋಡು!” ಎಂದು ಹಾಗೇ ಹಾಕಿದ.

ಜನ ಅವನನ್ನು ಹಿಡಿದು ಝಾಡಿಸುತ್ತಾರೆ, ಮಾತಿನ ಮಲ್ಲ ಒಂದು ದಿನವಾದರೂ ತಡವರಿಸುತ್ತಾನೆ ಎಂದು ಅವಳು ಕಾದಳು. ಬುಧವಾರದಿಂದ ಮೆಸೇಜುಗಳು ಬರತೊಡಗಿದವು. ಮುನ್ನೂರಕ್ಕೂ ಹೆಚ್ಚು ಜನ ಕೀ ಕೊಟ್ಟಿದ್ದರು. ಅವರಲ್ಲಿ ಒಬ್ಬರೂ ಬೈದಿರಲಿಲ್ಲ. ‘ಅಣ್ಣ, ನಾನೇನೋ ತಪ್ಪು ಮಾಡಿರಬೇಕು.’ ‘ಅಣ್ಣ, ಕಮ್ಮಾರ ಯಾವಾಗ ವಾಪಸು ಬರ್ತಾನೆ? ಕಾಯ್ತಾ ಇದ್ದೇನೆ.’ ಹನಾನ್ ಉದ್ದಕ್ಕೆ ಬರೆದಿದ್ದಳು. ಕಾಲೇಜು ಮುಗಿಸಿ, ತಂದೆಯ ಅಂಗಡಿಯಲ್ಲಿ ಕೂತು, ಆಮೇಲೆ ಸಿಗುವ ಒಂದು ಗಂಟೆಯಲ್ಲಿ ಆಡುತ್ತಿದ್ದವಳು. ಐದು ತಿಂಗಳು ಹಿಡಿದಿತ್ತು ಅಲ್ಲಿಗೆ ತಲುಪಲು. ‘ನೀವು ಹೇಳಿದ್ದನ್ನು ನಾನು ಸರಿಯಾಗಿ ಓದಿರಲಿಕ್ಕಿಲ್ಲ ಅಣ್ಣ. ನೀವು ತಪ್ಪು ಹೇಳುವವರಲ್ಲ. ನನ್ನಂಥವರಿಗೆ ಈ ಆಟ ಅಲ್ಲವೋ ಏನೋ.’

ಲ್ಯಾಬಿನ ಹಿಂದಿನ ಕೋಣೆಯಲ್ಲಿ ನಿಂತು ಶರ್ಮಿಳಾ ಅದನ್ನು ಓದಿದಳು. ಅಂದು ಬೆಳಿಗ್ಗೆ ವಯಸ್ಸಾದ ಹೆಂಗಸೊಬ್ಬರಿಗೆ ಮೂರು ಸಲ ಚುಚ್ಚಬೇಕಾಯಿತು. ಆ ಹೆಂಗಸು, “ಪರವಾಗಿಲ್ಲ ಮಗಾ, ನನ್ನ ನರವೇ ಸರಿ ಇಲ್ಲ,” ಎಂದರು. ಶರ್ಮಿಳಾಗೆ ತಲೆ ಎತ್ತಲಾಗಲಿಲ್ಲ.

ಸಂಜೆ ತಮ್ಮನನ್ನು ಕೂರಿಸಿ ಎಲ್ಲ ಹೇಳಿದಳು. “ಬೇಕಂತಲೇ ತಪ್ಪು ಬರೆದು ಕೊಟ್ಟೆ.”

ಶೈಲೇಶ್ ಎದ್ದು ನಿಂತ. “ನನ್ನ ಹೆಸರು ಹಾಳು ಮಾಡ್ಲಿಕ್ಕೆ ನೋಡಿದೆಯಾ ಅಕ್ಕ? ನನ್ನ ಹೆಸರು?”

“ಹೌದು,” ಎಂದಳು. “ಈಗ ನಾನು ಹೇಳಿದ ಹಾಗೆ ಬರಿ.”

ತಪ್ಪಾಯಿತೆಂದು, ಕೀ ಕೊಡಬಾರದೆಂದು, ಕೊಟ್ಟವರು ಮೊದಲಿನಿಂದ ಶುರುಮಾಡಿದರೆ ಮೊದಲಿನ ಅರ್ಧ ಸಮಯದಲ್ಲಿ ಅಲ್ಲಿಗೆ ತಲುಪುವ ದಾರಿ ಯಾವುದೆಂದು, ಒಂದೊಂದಾಗಿ ಹೇಳಿ ಬರೆಸಿದಳು. ಕೊನೆಗೆ, ಈ ಟಿಪ್ಸ್ ಬರೆಯುವುದು ನನ್ನ ಅಕ್ಕ ಎಂದೂ ಸೇರಿಸಲು ಹೇಳಿದಳು. ಶೈಲೇಶ್ ಆ ಸಾಲನ್ನು ಬರೆದು, ಅಳಿಸಿ, ಮತ್ತೆ ಬರೆದ. ಅಮ್ಮ ಒಳಗಿನಿಂದ, “ಮೋಕ್ಷಾಳ ಮನೆಯವರೂ ಅದನ್ನು ಓದ್ತಾರೆ,” ಎಂದಷ್ಟೇ ಅಂದರು. ಆ ಒಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಅವನು ಹಾಕಿದ.

ಎರಡು ದಿನದಲ್ಲಿ ಎರಡು ಸಾವಿರ ಜನ ಮೆಚ್ಚಿದರು. ‘ತಪ್ಪನ್ನು ಇಷ್ಟು ಧೈರ್ಯವಾಗಿ ಒಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು ಅಣ್ಣ.’ ‘ಇದಕ್ಕೇ ನೀವು ನಮ್ಮ ಗುರು.’ ಶೋಭಿತ್ ಆ ಬರಹವನ್ನು ಅಚ್ಚು ಹಾಕಿಸಿ ಲೌಂಜಿನ ಗೋಡೆಗೆ ಅಂಟಿಸಿದ. ಮುಂದಿನ ತಿಂಗಳು ಶೈಲೇಶ್ ಲೌಂಜಿನ ಮ್ಯಾನೇಜರನಾದ.

ಶರ್ಮಿಳಾ ಬರೆಯುವುದನ್ನು ನಿಲ್ಲಿಸಿದಳು. ಶೈಲೇಶ್ ಎರಡು ವಾರ ಬೇಡಿಕೊಂಡ, ಒಂದು ದಿನ ಅತ್ತೂಬಿಟ್ಟ. ಆಮೇಲೆ ಇಂಗ್ಲಿಷ್ ವಿಡಿಯೋಗಳನ್ನು ನೋಡಿ ತಾನೇ ಏನೇನೋ ಹಾಕತೊಡಗಿದ. ಜನ ಅದನ್ನೂ ಮೆಚ್ಚಿದರು. ಕನ್ಸೋಲನ್ನು ಲೌಂಜಿಗೆ ಒಯ್ದ. ನವೆಂಬರಿನಲ್ಲಿ ಅವನ ಮದುವೆಯಾಯಿತು. ಸೊಸೆ ಮೋಕ್ಷಾ ಒಳ್ಳೆಯ ಹುಡುಗಿ. ಮೊದಲ ವಾರದಲ್ಲೇ ಶರ್ಮಿಳಾಗೆ, “ಅಕ್ಕ, ನಿಮಗೂ ಇವರು ಆಟ ಕಲಿಸಿದ್ದಂತೆ ಹೌದಾ?” ಎಂದು ಕೇಳಿದಳು. ಶರ್ಮಿಳಾ ಮೀನಿಗೆ ಉಪ್ಪು ಹಚ್ಚುತ್ತ, “ಹೂಂ,” ಎಂದಳು.

ಡಿಸೆಂಬರಿನ ಒಂದು ಬೆಳಿಗ್ಗೆ ಲ್ಯಾಬಿನ ಸಾಲಿನಲ್ಲಿ ಹನಾನ್ ಬಂದು ಕೂತಳು. ನಾಲ್ಕು ದಿನದ ಜ್ವರ. ತೋಳು ಚಾಚಿದವಳು ಮುಖ ನೋಡಿ ಅರಳಿದಳು.

“ನೀವು ಶೈಲೇಶಣ್ಣನ ಅಕ್ಕ ಅಲ್ವಾ? ಆ ದಿನ ಲೌಂಜಿನಲ್ಲಿ ಆಡಿದ್ದು? ಎಷ್ಟು ಚಂದ ಆಡಿದ್ರಿ ಅಕ್ಕ!”

ಶರ್ಮಿಳಾ ಟೂರ್ನಿಕೆ ಬಿಗಿದಳು. “ಆಟ ಬಿಟ್ಟೆಯಾ?”

“ಇಲ್ಲ, ಮೊದಲಿಂದ ಶುರು ಮಾಡಿದೆ. ಅಣ್ಣ ದಾರಿ ಹೇಳಿಕೊಟ್ಟಿದ್ರಲ್ಲ. ಈಗ ಸುಣ್ಣದ ಕೋಟೆ. ಆ ಅವಳಿ ರಾಣಿಯರ ಹತ್ರ ಇಪ್ಪತ್ತು ದಿನದಿಂದ ಸಾಯ್ತಾ ಇದ್ದೇನೆ. ದೊಡ್ಡವಳಿಗೆ ಎಷ್ಟು ಹೊಡೆದ್ರೂ ಗಾಯ ವಾಸಿ ಆಗ್ತದೆ.”

ಸುಮ್ಮನಿರಬೇಕೆಂದುಕೊಂಡವಳಿಗೆ ಇರಲಾಗಲಿಲ್ಲ. ಸೂಜಿ ಒಳಗಿಳಿಸುತ್ತ ಶರ್ಮಿಳಾ ಮೆಲ್ಲಗೆ ಹೇಳಿದಳು. “ದೊಡ್ಡವಳನ್ನು ಮುಟ್ಟಬೇಡ. ಸಣ್ಣವಳು ಹಾಡಿದಾಗ ದೊಡ್ಡವಳ ಗಾಯ ವಾಸಿ ಆಗುದು. ದೊಡ್ಡವಳನ್ನು ಕಂಬದ ಆಚೆ ಸುತ್ತಿಸು, ಅವಳು ಬರುವ ಮೊದಲು ಸಣ್ಣವಳಿಗೆ ಎರಡು ಏಟು. ಸಣ್ಣವಳು ಬಿದ್ದ ಮೇಲೆ ಉಳಿದದ್ದು ಸುಲಭ ಉಂಟು.”

ನೋವು ಗೊತ್ತಾಗದೆ ಹನಾನ್ ಅವಳನ್ನೇ ನೋಡುತ್ತಿದ್ದಳು. ಟ್ಯೂಬು ತುಂಬಿತು. ಹುಡುಗಿ ಮರ್ಯಾದೆಯಿಂದ ನಕ್ಕಳು.

“ಹೌದಾ ಅಕ್ಕ? ಒಮ್ಮೆ ಶೈಲೇಶಣ್ಣನ ಹತ್ರ ಕೇಳಿ ನೋಡ್ತೇನೆ.”

ಶರ್ಮಿಳಾ ಸೂಜಿ ತೆಗೆದು ಹತ್ತಿ ಇಟ್ಟಳು. “ಐದು ನಿಮಿಷ ಒತ್ತಿ ಹಿಡಿ,” ಎಂದು ಟ್ಯೂಬಿನ ಮೇಲೆ ಅವಳ ಹೆಸರು ಬರೆದು, ಸಾಲಿನಲ್ಲಿ ಮುಂದಿದ್ದವರನ್ನು ಕರೆದಳು.